ಪ್ರೌಢಶಾಲೆಗೊಂದು ಹೊಲ ಬೇಕು, ಹೊಲಕ್ಕೊಬ್ಬ ಹೊಣೆಗಾರ ಬೇಕು



ನಿಮ್ಮೂರ ಪ್ರೌಢಶಾಲೆಯ ಅಂಗಳಕ್ಕೆ ಈ ವಾರ ಒಂದು ಸಲ ಹೋಗಿ ಬನ್ನಿರಿ. ಗೋಡೆಯ ಬದಿಗೆ ಸಾಲಾಗಿ ತೋಡಿದ ಕುಣಿಗಳು ಕಾಣುತ್ತವೆ. ನಾಲ್ಕಾರು ಕುಣಿಗಳಲ್ಲಿ ಬೇವಿನ ಗಿಡ ಎದ್ದು ನಿಂತಿದ್ದರೆ ನಿಮ್ಮ ಶಾಲೆ ಪುಣ್ಯವಂತ ಶಾಲೆಯೆಂದೇ ಹೇಳಬೇಕು. ಉಳಿದವುಗಳಲ್ಲಿ ಒಣಗಿದ ಕಡ್ಡಿ, ಅದಕ್ಕೆ ಆಸರೆಯಾಗಿ ಕಟ್ಟಿದ ಕೋಲು, ಬುಡದಲ್ಲಿ ಕಾಂಗ್ರೆಸ್ ಕಸ. ಸಸಿ ನೆಟ್ಟ ದಿನ ಫೋಟೋದಲ್ಲಿ ನಿಂತವರು ಬಹಳ ಮಂದಿ. ಏಪ್ರಿಲಿನಲ್ಲಿ ನೀರು ಹಾಕಿದವರು ಯಾರೆಂದು ಕೇಳಿದರೆ ಜವಾನನ ಹೆಸರೊಂದೇ ಬರುತ್ತದೆ, ಅದೂ ಎಲ್ಲ ಕಡೆ ಅಲ್ಲ.

ಇದಕ್ಕೆ ಮಕ್ಕಳನ್ನು ಬೈದು ಫಲವಿಲ್ಲ, ಮಾಸ್ತರರನ್ನು ಬೈದೂ ಫಲವಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳನ್ನೇ ತೆಗೆದುಕೊಳ್ಳಿರಿ. (2018ರ ನಂತರ ಇವುಗಳಿಂದ ಒಡೆದು ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲೂಕುಗಳಾಗಿವೆ. ಮಣ್ಣು ಒಡೆದಿಲ್ಲವಾದ್ದರಿಂದ ಹಳೆಯ ಲೆಕ್ಕದಲ್ಲೇ ಮಾತಾಡೋಣ.) ಇಲ್ಲಿ ಕಾರ್ಯಕ್ರಮಗಳಿಗೇನೂ ಬರವಿಲ್ಲ. 2001-02ರಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಹಸಿರು ಪಡೆ ಬಂತು, ಅದರ ಹಿಂದೆ ಶಾಲೆಗಳಲ್ಲಿ ಇಕೋ ಕ್ಲಬ್ಬುಗಳಾದವು. 2016ರಲ್ಲಿ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನ ಆರಂಭವಾಯಿತು. 2019ರಲ್ಲಿ ಶಾಲಾ ಪೌಷ್ಟಿಕ ಕೈತೋಟದ ಮಾರ್ಗಸೂಚಿ ಬಂತು. 2024ರ ಜೂನ್ 5ರಿಂದ ತಾಯಿಯ ಹೆಸರಿನಲ್ಲಿ ಒಂದು ಗಿಡ. ವೇಳಾಪಟ್ಟಿಯಲ್ಲಿ ಕಾರ್ಯಾನುಭವದ ತಾಸು ಮೊದಲಿನಿಂದಲೂ ಇದೆ. ಸಸಿ ಬೆಳೆಸುವ ಸಾಮಾಜಿಕ ಅರಣ್ಯ ವಿಭಾಗವಿದೆ, ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಇಲ್ಲದಿರುವುದು, ಇವನ್ನೆಲ್ಲ ಒಂದು ದಾರದಲ್ಲಿ ಪೋಣಿಸಿ, ಇಂಥ ವಾರ ಇಂಥ ಕೆಲಸ, ಇಂಥವರ ಹೊಣೆ ಎಂದು ಬರೆದಿಟ್ಟು ವರ್ಷವಿಡೀ ಬೆನ್ನು ಹತ್ತುವ ಒಬ್ಬ ಮನುಷ್ಯ. ಅಂಥವನೊಬ್ಬ ಬೇಕು, ಅವನಿಗೆ ನಿಮ್ಮ ಬೆಂಬಲ ಬೇಕು ಎಂಬುದೇ ಈ ಬರಹದ ವಾದ.

ಶಾಲೆಯ ಪಂಚಾಂಗ, ಹೊಲದ ಪಂಚಾಂಗ

ಶಾಲೆಯ ವರ್ಷ ಮೇ ಕೊನೆಗೆ ಅಥವಾ ಜೂನ್ ಮೊದಲಿಗೆ ಆರಂಭವಾಗಿ ಏಪ್ರಿಲ್ ಎರಡನೆಯ ವಾರಕ್ಕೆ ಮುಗಿಯುತ್ತದೆ. ನಮ್ಮ ಹೊಲದ ವರ್ಷ ಹಾಗಿಲ್ಲ. ವರ್ಷದ ಮಳೆ ಸರಾಸರಿ 600 ಮಿಲಿಮೀಟರಿನ ಒಳಗೆ, ಅದರಲ್ಲಿ ಹೆಚ್ಚಿನ ಪಾಲು ಬೀಳುವುದು ಸೆಪ್ಟೆಂಬರಿನಲ್ಲಿ. ಜೂನ್ 5ರಂದು ಮಲೆನಾಡಿನಲ್ಲಿ ಮೋಡ ಕಟ್ಟಿರಬಹುದು, ನಮ್ಮ ಎರೆ ಭೂಮಿ ಇನ್ನೂ ಬಿರುಕು ಬಿಟ್ಟುಕೊಂಡಿರುತ್ತದೆ. ಆ ದಿನ ನೆಟ್ಟ ಗೇಣುದ್ದದ ಸಸಿ ಒಂದು ಮಳೆ ಕಂಡು ಎರಡು ತಿಂಗಳು ಕಾಯಬೇಕಾದರೆ ಅದರ ಗತಿ ಏನೆಂಬುದು ನಿಮಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ಹಿಂಗಾರಿ. ಜೋಳ ಬಿತ್ತುವ ಹದ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಅಷ್ಟರಲ್ಲೇ ದಸರೆಯ ರಜೆ ಬರುತ್ತದೆ. ರಾಶಿಯ ಕಾಲ ಫೆಬ್ರುವರಿ, ಮಾರ್ಚ್. ಆಗ ಶಾಲೆಯಲ್ಲಿ ಪರೀಕ್ಷೆಯ ಗಡಿಬಿಡಿ. ಗಿಡಗಳಿಗೆ ನೀರು ಬೇಕಾದ ಏಪ್ರಿಲ್-ಮೇ ತಿಂಗಳಲ್ಲಿ ಗೇಟಿಗೆ ಬೀಗ. ಹೀಗೆ ಬಿತ್ತಿಗೆಗೂ, ರಾಶಿಗೂ, ಬೇಸಿಗೆಗೂ ಶಾಲೆ ಹೊಲದಿಂದ ದೂರವಾಗಿರುತ್ತದೆ. ಕಾರ್ಯಕ್ರಮ ಸೋಲುವುದು ಇಲ್ಲಿಯೇ.

ಇದಕ್ಕೆ ಸರಕಾರದ ಆದೇಶವೇ ಬರಬೇಕೆಂದಿಲ್ಲ. ಜೂನ್ 5ರಂದು ಕುಣಿ ತೋಡುವ ಹಬ್ಬ ಮಾಡಿರಿ. ಕುಣಿಗೆ ಬಿಸಿಲು ತಾಗಲಿ, ತಿಪ್ಪೆಗೊಬ್ಬರ ಸೇರಲಿ. ನೆಲ ಮೊಳ ಆಳ ತೊಯ್ದ ಮೇಲೆ, ಅದು ಜುಲೈ ಆಗಲಿ, ಸೆಪ್ಟೆಂಬರ್ ಆಗಲಿ, ಆಗ ಸಸಿ ನೆಡಿರಿ. ಸಸಿಗಳೂ ಎರಡು ವರ್ಷ ಬೆಳೆದು ಎದೆಮಟ್ಟ ಬಂದವಾಗಿರಲಿ. ಎಷ್ಟು ನೆಡಬೇಕು? ನೀರು ಹಾಕಬಲ್ಲಷ್ಟು ಮಾತ್ರ. ನಲವತ್ತು ಸಸಿಗಳಿಗೆ ವಾರಕ್ಕೆ ಎರಡು ಸಲ ಒಂದೊಂದು ಕೊಡದಂತೆ ಬೇಸಿಗೆ ರಜೆಯ ಏಳು ವಾರಕ್ಕೆ 560 ಕೊಡ ನೀರು ಬೇಕು. ಎಂಟನೆಯ ಹಾಗೂ ಒಂಬತ್ತನೆಯ ಇಯತ್ತೆಯ 70 ಮಕ್ಕಳಿಗೆ ಹಂಚಿದರೆ ಇಡೀ ರಜೆಗೆ ತಲೆಗೆ 8 ಕೊಡ. ಈ ಲೆಕ್ಕವನ್ನು ಏಪ್ರಿಲ್ ಮೊದಲ ವಾರದಲ್ಲೇ ಹೆಸರು, ತಾರೀಖು ಸಹಿತ ಬರೆದು ಗೋಡೆಗೆ ಹಚ್ಚಬೇಕು. ನಾಲ್ಕು ನೂರು ಸಸಿ ನೆಟ್ಟು ನಲವತ್ತು ಉಳಿಸುವ ಶಾಲೆಗಿಂತ ನಲವತ್ತು ನೆಟ್ಟು ಮೂವತ್ತೈದು ಉಳಿಸುವ ಶಾಲೆ ಮೇಲು. ವರದಿಯಲ್ಲಿ ಮಾತ್ರ ಮೊದಲಿನದೇ ದೊಡ್ಡದಾಗಿ ಕಾಣುತ್ತದೆ!

ಹತ್ತು ಗುಂಟೆ ಸಾಕು

ಗಿಡ ನೆಡುವುದು ಕೆಲಸದ ಅರ್ಧ. ಇನ್ನರ್ಧ ಹೊಲ. ಶಾಲೆಗೆ ಸ್ವಂತ ಜಾಗ ಇದ್ದರೆ ಸರಿ, ಇಲ್ಲದಿದ್ದರೆ ಶಾಲೆಯ ಹತ್ತಿರದ ಒಬ್ಬ ರೈತರು ಮೂರು ವರ್ಷಕ್ಕೆ ಹತ್ತು ಗುಂಟೆ ಬಿಟ್ಟುಕೊಟ್ಟರೆ ಸಾಕು.

ಆ ಹತ್ತು ಗುಂಟೆಯಲ್ಲಿ ಏನು ಮಾಡಬೇಕು? ಒಂದು ಪಟ್ಟಿಯಲ್ಲಿ ನಮ್ಮ ಹಳೆಯ ಮಾಲದಂಡಿ ಎಂ-35-1, ಅದರ ಮಗ್ಗುಲಿಗೆ ವಿಜಯಪುರದ ಸಂಶೋಧನಾ ಕೇಂದ್ರದಿಂದ ಬಂದ ಬಿಜೆವಿ-44. ಇನ್ನೊಂದು ಪಟ್ಟಿಯಲ್ಲಿ ಕಡಲೆ, ಅಂಚಿಗೆ ದನ ಬಾಯಿ ಹಾಕದಂತೆ ಕುಸುಬೆ. ಅರ್ಧ ಭಾಗಕ್ಕೆ ಮಳೆಗಾಲದಲ್ಲಿ ಹತ್ತು-ಹದಿನೈದು ಅಡಿಯ ಚೌಕುಮಡಿ ಹಾಕಿ ಬಿದ್ದ ನೀರು ಇದ್ದಲ್ಲೇ ಇಂಗುವಂತೆ ಮಾಡಬೇಕು, ಉಳಿದರ್ಧ ಎಂದಿನಂತೆ. ಬೀಜದ ಲೆಕ್ಕ ಮಕ್ಕಳೇ ಮಾಡಲಿ: ಎಕರೆಗೆ 3 ಕಿಲೋ ಆದರೆ ಹತ್ತು ಗುಂಟೆಗೆ ಮುಕ್ಕಾಲು ಕಿಲೋ, ಅದರಲ್ಲಿ ಜೋಳದ ಪಟ್ಟಿ ಎಷ್ಟು ಗುಂಟೆಯೋ ಅಷ್ಟರ ಪಾಲು. ಬಿತ್ತಿದ ಮೇಲೆ ಎಷ್ಟು ದಿನಕ್ಕೆ ಮೊಳೆಯಿತು, ಯಾವ ಪಟ್ಟಿಯಲ್ಲಿ ತೇವ ಎಷ್ಟು ಆಳದಲ್ಲಿ ಸಿಕ್ಕಿತು, ತೆನೆ ಎಂದು ಹೊರಬಿತ್ತು, ಕೊನೆಗೆ ತಕ್ಕಡಿಯಲ್ಲಿ ಕಾಳು ಎಷ್ಟು, ಕಣಿಕೆ ಎಷ್ಟು. ಎಲ್ಲವೂ ಒಂದು ದಪ್ಪ ಪುಸ್ತಕದಲ್ಲಿ ಏರಬೇಕು. ಶನಿವಾರದ ಮುಂಜಾನೆ ಶಾಲೆ ಇದಕ್ಕೆ ಹೇಳಿ ಮಾಡಿಸಿದಂತಿದೆ, ಹೊಲದಿಂದ ತಿರುಗಿ ಬರುವಾಗ ಬಿಸಿಲಿನ್ನೂ ಏರಿರುವುದಿಲ್ಲ.

ಇದು ಹೊಸ ಮಾತೇನಲ್ಲ. 1933ರ ಹೊತ್ತಿಗೆ ಬಿಜಾಪುರ, ಸೊಲ್ಲಾಪುರ, ಹಗರಿ, ರಾಯಚೂರು, ರೋಹ್ತಕ್ ಎಂದು ಇಡೀ ದೇಶದಲ್ಲಿ ಒಣಬೇಸಾಯದ ಸಂಶೋಧನೆಗೆ ಐದು ಕೇಂದ್ರಗಳನ್ನು ಆರಿಸಿದಾಗ ನಮ್ಮ ಜಿಲ್ಲೆ ಅದರಲ್ಲೊಂದಾಗಿತ್ತು. ಒಡ್ಡು ಹಾಕುವುದಕ್ಕೆ 1942ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಯಿದೆಯೇ ಆಯಿತು. ಅಳೆದು, ತೂಗಿ, ಹೋಲಿಸಿ ನೋಡುವ ಪಾಠ ಈ ಮಣ್ಣಿನಲ್ಲಿ ತೊಂಬತ್ತು ವರ್ಷಗಳಿಂದ ನಡೆದಿದೆ, ನಮ್ಮ ಮಕ್ಕಳ ಪಾಟಿಚೀಲಕ್ಕೆ ಮಾತ್ರ ಅದು ಇಳಿದಿಲ್ಲ.

ಹೊರದೇಶದ ಒಂದು ಮಾತು ಹೇಳಬೇಕು. 1902ರಲ್ಲಿ ಅಮೆರಿಕೆಯ ಓಹಾಯೋ ಸಂಸ್ಥಾನದಲ್ಲಿ ಗ್ರಹಾಂ ಎಂಬ ಶಾಲಾ ಅಧಿಕಾರಿ ಹಳ್ಳಿಯ ಹುಡುಗ-ಹುಡುಗಿಯರ ಒಂದು ಕೃಷಿ ಸಂಘ ಕಟ್ಟಿದರು. ಮಕ್ಕಳು ಬಣ್ಣ ಬದಲಾಗುವ ಕಾಗದದಿಂದ ತಮ್ಮ ಹೊಲದ ಮಣ್ಣು ಪರೀಕ್ಷಿಸಿದರು, ಆಯ್ದ ಬೀಜದ ಗೋವಿನಜೋಳ ಸಣ್ಣ ಪಟ್ಟಿಗಳಲ್ಲಿ ಬೆಳೆದರು. ಇಂಥ ಸಂಘಗಳೇ ಮುಂದೆ ಆ ದೇಶದಲ್ಲೆಲ್ಲ 4-ಎಚ್ ಎಂಬ ಹೆಸರಿನಿಂದ ಹಬ್ಬಿದವು. ವಿಶ್ವವಿದ್ಯಾಲಯದವರ ಮಾತನ್ನು ನಂಬದ ಅಪ್ಪಂದಿರು ಮಗನ ಪಟ್ಟಿಯ ತೆನೆ ಕಂಡು ಬೀಜ ಬದಲಿಸಿದರೆಂಬುದು ಅಲ್ಲಿನವರು ಇಂದಿಗೂ ಹೇಳುವ ಮಾತು. ನಮ್ಮಲ್ಲೂ ಬೇರೆ ಆಗಲಾರದು. ಅಧಿಕಾರಿ ಜೀಪಿನಲ್ಲಿ ಬಂದು ಹೇಳಿದ್ದನ್ನು ಅರ್ಧ ಕಿವಿಯಲ್ಲಿ ಕೇಳುವ ನಾವು, ಮಗಳು ತಕ್ಕಡಿ ಹಿಡಿದು ತೋರಿಸಿದ್ದನ್ನು ಅಲ್ಲಗಳೆಯಲಾರೆವು.

ಇಂಡಿ ಕಡೆಯವರು ಜೋಳದ ಜೊತೆ ಲಿಂಬೆಯ ಸಸಿಮಡಿಯನ್ನೂ ಸೇರಿಸಿಕೊಳ್ಳಬಹುದು. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಬೀಜದಿಂದ ರೋಗವಿಲ್ಲದ ಸಸಿ ಎಬ್ಬಿಸುವುದನ್ನು ಹದಿನಾಲ್ಕು ವರ್ಷದ ಹುಡುಗನೊಬ್ಬ ಕಲಿತರೆ ಅದು ಅವನಿಗೆ ಕೈಕಸುಬೇ ಆದೀತು.

‘ಕಸ ತೆಗಿಯಾಕ ಸಾಲಿಗೆ ಕಳಸಿಲ್ಲ’

ನಿಮ್ಮಲ್ಲಿ ಹಲವರು ಕೇಳುವ ಪ್ರಶ್ನೆ ಗೊತ್ತಿದೆ. “ಹೊಲಮನಿ ಕೆಲಸ ಮನ್ಯಾಗ ಐತಿ. ಅದನ್ನ ಕಲಿಯಾಕ ಸಾಲಿ ಯಾಕ ಬೇಕ್ರಿ? ಕಸ ತೆಗಿಯಾಕ ನಾವು ಸಾಲಿಗೆ ಕಳಸಿಲ್ಲ.” ಈ ಮಾತನ್ನು ಹಗುರಾಗಿ ತೆಗೆದುಕೊಳ್ಳಬಾರದು. ಬರದ ವರ್ಷ ಗೋವೆ, ಪುಣೆ, ಮುಂಬಯಿಗೆ ದುಡಿಯಲು ಹೋದ ತಾಯಿತಂದೆಗಳು ಮಗ ಸಲಿಕೆ ಹಿಡಿಯಬಾರದೆಂದೇ ಅವನನ್ನು ವಸತಿ ಶಾಲೆಗೆ ಸೇರಿಸಿರುತ್ತಾರೆ. 1937ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ಗಾಂಧೀಜಿಯವರು ಕೈಕೆಲಸದ ಮೂಲಕ ಶಿಕ್ಷಣವೆಂಬ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟರು, ಮುಂಬಯಿ ಪ್ರಾಂತವೂ ಅದನ್ನು ಕೈಗೆತ್ತಿಕೊಂಡಿತು. ಅದು ಕುಗ್ಗಿ ಹೋದುದಕ್ಕೆ ಕಾರಣಗಳು ಹಲವಿದ್ದರೂ ಒಂದು ಸ್ಪಷ್ಟವಿದೆ: ಪೇಟೆಯ ಮಕ್ಕಳಿಗೆ ಇಂಗ್ಲಿಷು, ಹಳ್ಳಿಯ ಮಕ್ಕಳಿಗೆ ತಕಲಿ ಎಂದು ಜನರಿಗೆ ಕಂಡಿತು. ಜನರ ಆ ಗುಮಾನಿ ಪೂರಾ ಸುಳ್ಳೂ ಆಗಿರಲಿಲ್ಲ.

ಆದ್ದರಿಂದ ಶಾಲೆಯ ಹೊಲದಲ್ಲಿ ಕೆಲವು ಕಟ್ಟುನಿಟ್ಟು ಬೇಕೇ ಬೇಕು. ಮಕ್ಕಳ ದುಡಿಮೆ ಯಾರ ಖಾಸಗಿ ಹೊಲಕ್ಕೂ ಹೋಗಕೂಡದು, ಅದು ಮುಖ್ಯೋಪಾಧ್ಯಾಯರದಾಗಲಿ, ಜಾಗ ಕೊಟ್ಟ ರೈತರದಾಗಲಿ. ಔಷಧ ಸಿಂಪಡಿಸುವ ಪಂಪನ್ನು ಮಕ್ಕಳು ಮುಟ್ಟಲೇಬಾರದು, ಬೀಜಕ್ಕೆ ವಿಷ ಲೇಪಿಸುವುದೂ ದೊಡ್ಡವರ ಕೆಲಸ. ವಾರಕ್ಕೆ ಎರಡು ತಾಸಿಗಿಂತ ಹೆಚ್ಚು ಬೇಡ. ಹತ್ತನೆಯ ಇಯತ್ತೆಯವರನ್ನು ಬಿಟ್ಟುಬಿಡಿರಿ, ಅವರು ಹಿಂದಿನ ವರ್ಷದ ಲೆಕ್ಕದ ಪುಸ್ತಕ ಕಿರಿಯರಿಗೆ ಒಪ್ಪಿಸಿ ವಿವರಿಸಿದರೆ ಸಾಕು. ಬಂದ ಫಸಲು ಬಿಸಿಯೂಟದ ಅಡಿಗೆಮನೆಗೆ ಹೋಗಲಿ ಅಥವಾ ಮಾರಾಟವಾಗಲಿ, ಪೈಸೆಪೈಸೆಯ ಲೆಕ್ಕ ಗೋಡೆಯ ಮೇಲೆ ಇರಲಿ. ಇನ್ನೊಂದು ಮಾತು: ಹುಡುಗರಿಗೆ ಕೂರಿಗೆ, ಹುಡುಗಿಯರಿಗೆ ಕಳೆ ಎಂದು ಹಂಚಬೇಡಿರಿ. ಕಳೆ ತೆಗೆಯುವುದು ಹುಡುಗಿಯರಿಗೆ ಮನೆಯಲ್ಲೇ ಸಾಕಷ್ಟಿದೆ. ಅವರ ಕೈಗೆ ಅಳತೆಯ ಟೇಪನ್ನೂ ತಕ್ಕಡಿಯನ್ನೂ ಕೊಡಿರಿ.

ಮನೆಯಲ್ಲಿ ಮಗ ಮಾಡುವುದು ದುಡಿಮೆ. ಶಾಲೆಯ ಹೊಲದಲ್ಲಿ ಅವನು ಮಾಡಬೇಕಾದ್ದು, ಹೀಗೇಕೆ, ಹಾಗೇಕಲ್ಲ ಎಂಬ ವಿಚಾರಣೆ. ಈ ವ್ಯತ್ಯಾಸ ಉಳಿಯದಿದ್ದರೆ ತಾಯಿತಂದೆಗಳ ತಕರಾರೇ ಸರಿ.

ಹಳ್ಳದ ದಂಡೆ, ಮಡ್ಡಿ, ಬಾವಿಯ ನೀರು

ನಮ್ಮ ಜಿಲ್ಲೆಯ ಭೂಪ್ರದೇಶ ಸುಮಾರು 10.5 ಲಕ್ಷ ಹೆಕ್ಟೇರು. ಅದರಲ್ಲಿ ದಾಖಲೆಯ ಅರಣ್ಯ ನೂರರಲ್ಲಿ ಒಂದು ಪಾಲೂ ಇಲ್ಲ. ಹಾಗೆಂದು ಇಲ್ಲಿ ಹಿಂದೆ ದಟ್ಟ ಕಾಡಿತ್ತು, ಅದನ್ನು ಮರಳಿ ತರಬೇಕು ಎಂದುಕೊಂಡರೆ ತಪ್ಪು ದಾರಿ ಹಿಡಿದಂತೆ. ಇದು ಬಯಲುಸೀಮೆ. ಗಾಯರಾಣ, ಮಡ್ಡಿಗಳ ಹುಲ್ಲುಗಾವಲೇ ಇಲ್ಲಿನ ಕಾಡು. ಚಿಗರಿ, ತೋಳ, ನರಿ, ಗೌಜಲಹಕ್ಕಿ ಬದುಕಿದ್ದು ಆ ಹುಲ್ಲಿನಲ್ಲಿ. ದಖ್ಖನದ ಎರೆ ಬಯಲಿನಲ್ಲಿದ್ದ ಎರೆಭೂತ ಎಂಬ ದೊಡ್ಡ ಹಕ್ಕಿ ಈಗ ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ. ಚಿಗರಿ ನಮ್ಮ ಕಡಲೆ ತಿನ್ನುತ್ತದೆ ಎಂಬ ನಿಮ್ಮ ದೂರು ಖರೆ. ಅದಕ್ಕೆ ಮೇಯಲು ಬೇರೆ ಹುಲ್ಲು ಉಳಿಯದಿದ್ದರೆ ಅದು ಹೊಲಕ್ಕೆ ಇಳಿಯುವುದು ಇನ್ನೂ ಹೆಚ್ಚೀತು ಎಂಬುದನ್ನೂ ಎಣಿಸಬೇಕು. ಮಡ್ಡಿಯ ಮೇಲೆ ಸಾಲುಗಟ್ಟಿ ಕುಣಿ ತೋಡಿಸುವ ಬದಲು ಒಂದು ಎಕರೆಗೆ ಎರಡು ವರ್ಷ ದನ ಬಿಡದೆ ಕಾಯ್ದು, ಯಾವ ಹುಲ್ಲು ತಾನಾಗಿ ಏಳುತ್ತದೆ ಎಂದು ಮಕ್ಕಳಿಂದ ಎಣಿಸಿರಿ. ಖರ್ಚೂ ಕಡಿಮೆ, ಮೇವೂ ಹೆಚ್ಚು.

ಗಿಡ ಬೇಕಾದ ಜಾಗ ಹಳ್ಳದ ದಂಡೆ, ಹೊಲದ ಒಡ್ಡು, ಶಾಲೆಯ ಸುತ್ತು. “ಡೋಣಿ ಬೆಳೆದರೆ ಓಣಿ ತುಂಬ ಜೋಳ” ಎಂಬ ಮಾತು ನಿಮಗೆ ಗೊತ್ತೇ ಇದೆ. ಆ ಡೋಣಿಯ ಪಾತ್ರ ಇಂದು ಹೂಳು ತುಂಬಿ, ಬಳ್ಳಾರಿ ಜಾಲಿ ಮುತ್ತಿ ಕಟ್ಟಿಹೋಗಿದೆ. ಹೆಚ್ಚು ಮಳೆಯಾದ ವರ್ಷ ನೀರು ಹರಿಯಲು ದಾರಿಯಿಲ್ಲದೆ ಹೊಲಗಳ ಮೇಲೆ ಹರಿಯುತ್ತದೆ. 2009ರ ನೆರೆಯನ್ನು ತಾಳಿಕೋಟೆಯ ಕಡೆಯವರು ಮರೆತಿರಲಾರರು. ಇಡೀ ನದಿಯ ಹೂಳೆತ್ತುವುದು ಶಾಲೆಯ ಕೆಲಸವಲ್ಲ, ಸರಕಾರದ ಕೆಲಸ. ಆದರೆ ಡೋಣಿಗೆ ಸೇರುವ ನಿಮ್ಮೂರ ಸಣ್ಣ ಹಳ್ಳದ ಎರಡು ನೂರು ಮಾರು ದಂಡೆ ಶಾಲೆಯ ಕೈಗೆ ಸಿಕ್ಕುವಂಥದು. ಬಳ್ಳಾರಿ ಜಾಲಿಯನ್ನು ಕಡಿದರೆ ಅದು ಮತ್ತೆ ಚಿಗಿಯುತ್ತದೆ, ಬೇರುಸಹಿತ ಕೀಳಬೇಕು. ಅದು ದೊಡ್ಡವರಿಂದ ಆಗಬೇಕು. ಕಿತ್ತ ಜಾಗಕ್ಕೆ ಹೊಂಗೆ, ಕರಿಜಾಲಿ, ಬಾರಿ, ಲಕ್ಕಿ ಸಸಿಗಳನ್ನು ಶಾಲೆಯ ಸಸಿಮಡಿಯಿಂದ ಮಕ್ಕಳು ತರಬೇಕು. ಬೀಜವೂ ಅದೇ ಹಳ್ಳದ ಹಳೆಯ ಗಿಡಗಳದ್ದಾಗಿರಲಿ.

ಕಾಂಗ್ರೆಸ್ ಕಸವನ್ನು ಮಕ್ಕಳಿಂದ ಬರಿಗೈಯಲ್ಲಿ ಕೀಳಿಸಬೇಡಿರಿ, ಮೈ ತುರಿಕೆ, ಉಬ್ಬಸ ತರುತ್ತದೆ. ಅದನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಮೊದಲು ಬಿಡಲಾಯಿತು. ಮಳೆಗಾಲದಲ್ಲಿ ಅದು ಇರುವ ಕಡೆಯಿಂದ ಇಲ್ಲದ ಕಡೆಗೆ ಡಬ್ಬಿಯಲ್ಲಿ ತಂದು ಬಿಟ್ಟು, ಎಷ್ಟು ದಿನಕ್ಕೆ ಎಲೆ ಜಾಳಿಗೆಯಾಯಿತೆಂದು ನೋಡುವುದು ಮಕ್ಕಳಿಗೆ ಪಾಠವೂ ಹೌದು, ಆಟವೂ ಹೌದು.

ಕಡಲೆಯ ಹೊಲದಲ್ಲಿ ಹಕ್ಕಿ ಕೂಡಲು ಕವಲುಗೋಲು ನೆಡಿಸಿರಿ. ಕಾಯಿಕೊರಕ ಹುಳು ಕೋಲಿನ ಹತ್ತಿರ ಎಷ್ಟು, ದೂರದಲ್ಲಿ ಎಷ್ಟು ಎಂದು ಶನಿವಾರಕ್ಕೊಮ್ಮೆ ಎಣಿಸಿದರೆ ಹಕ್ಕಿಯ ಬೆಲೆ ಭಾಷಣವಿಲ್ಲದೆ ತಿಳಿಯುತ್ತದೆ. ಚಳಿಗಾಲದಲ್ಲಿ ನಮ್ಮ ಜೋಳದ ಹೊಲಗಳ ಮೇಲೆ ನೆಲಕ್ಕೆ ಹತ್ತಿ ತೇಲಾಡುವ ತೆಳು ಬೂದುಬಣ್ಣದ ಗಿಡುಗ ಜಾತಿಯ ಹಕ್ಕಿ ಮಧ್ಯ ಏಷ್ಯದಿಂದ ಬಂದು ಇಲ್ಲಿನ ಮಿಡತೆ ತಿಂದು ಹೋಗುತ್ತದೆ. ಬಾಗೇವಾಡಿ ಸೀಮೆಯ ಮಕ್ಕಳಿಗೆ ಆಲಮಟ್ಟಿಯ ಹಿನ್ನೀರಿಗೆ ಬರುವ ರಾಜಹಂಸಗಳೂ ಹತ್ತಿರದಲ್ಲೇ ಸಿಗುತ್ತವೆ.

ಎಲ್ಲಕ್ಕಿಂತ ಅವಸರದ್ದು ನೀರಾವರಿ ಭಾಗದ ಮಾತು. ನಾರಾಯಣಪುರ ಎಡದಂಡೆ ಕಾಲುವೆ, ಇಂಡಿ ಶಾಖಾ ಕಾಲುವೆ, ಮುಳವಾಡ ಏತ ನೀರಾವರಿಗಳಿಂದ ನೀರು ಬಂದಿದೆ. ನಮ್ಮ ತಂದೆ-ತಾತಂದಿರು ಬಯಸಿ ಬಯಸಿ ಕಾಣದೆ ಹೋದ ನೀರದು. ಎರೆ ಭೂಮಿಗೆ ಮಿತಿಮೀರಿ ನೀರು ಹಾಯಿಸಿ, ಬಸಿಗಾಲುವೆ ತೆಗೆಯದೆ ಬಿಟ್ಟರೆ ಹತ್ತು-ಹದಿನೈದು ವರ್ಷದಲ್ಲಿ ಸವಳು-ಜವಳು ಶುರುವಾಗುತ್ತದೆ. ಅದು ಒಂದೇ ದಿನದಲ್ಲಿ ಬರುವುದಿಲ್ಲ, ಬಾವಿಯ ನೀರು ವರ್ಷವರ್ಷ ಮೇಲೇರುತ್ತ ಸುದ್ದಿ ಕೊಟ್ಟೇ ಬರುತ್ತದೆ. ಆ ಸುದ್ದಿಯನ್ನು ಬರೆದಿಡುವವರು ಊರಲ್ಲಿ ಯಾರಿದ್ದಾರೆ? ಒಂಬತ್ತನೆಯ ಇಯತ್ತೆಯ ನಾಲ್ಕು ಮಕ್ಕಳು ಗಂಟು ಹಾಕಿದ ಒಂದು ಹಗ್ಗಕ್ಕೆ ಕಲ್ಲು ಕಟ್ಟಿ, ಕಟ್ಟೆಯಿರುವ ಹತ್ತು ಬಾವಿಗಳ ನೀರು ಎಷ್ಟು ಆಳದಲ್ಲಿದೆಯೆಂದು ಪ್ರತಿ ಹುಣ್ಣಿಮೆಯ ಮರುದಿನ ಮಾಸ್ತರರ ಕಣ್ಣೆದುರಿಗೆ ಅಳೆದರೆ, ಐದು ವರ್ಷಕ್ಕೆ ಆ ಪುಸ್ತಕ ಊರಿನ ಆಸ್ತಿ. ಬಸಿಗಾಲುವೆ ಕೇಳಲು ನೀರಾವರಿ ಕಚೇರಿಗೆ ಹೋಗುವಾಗ ನಿಮ್ಮ ಕೈಯಲ್ಲಿ ಅರ್ಜಿಯ ಜೊತೆ ಅಂಕಿ-ಅಂಶವೂ ಇರುತ್ತದೆ.

ಹೊಣೆಗಾರ ಯಾರು?

ದಯವಿಟ್ಟು ಇನ್ನೊಂದು ಸಮಿತಿ ಮಾಡಬೇಡಿರಿ. ಹತ್ತು ಜನರ ಸಮಿತಿಯ ಹೊಣೆ ಯಾರ ಹೊಣೆಯೂ ಅಲ್ಲ. ತಾಲೂಕಿಗೊಬ್ಬ ಸಂಯೋಜಕ ಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಅವನಿಗೊಂದು ಕುರ್ಚಿ ಬೇಕು, ತಿರುಗಾಡಲು ಒಂದು ದ್ವಿಚಕ್ರವಾಹನದ ಖರ್ಚು ಬೇಕು. ನಿವೃತ್ತ ಕೃಷಿ ಸಹಾಯಕರಲ್ಲಿ, ಕೆಲಸಕ್ಕಾಗಿ ಕಾದಿರುವ ಕೃಷಿ ಪದವೀಧರರಲ್ಲಿ ಇಂಥವರು ಸಿಕ್ಕೇ ಸಿಗುತ್ತಾರೆ. ಮೊದಲಿಗೆ ತಾಲೂಕಿಗೆ ಐದೇ ಶಾಲೆ. ಮಕ್ಕಳು ಅಲ್ಲೇ ಉಳಿಯುವ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಂದ ಆರಂಭಿಸಿದರೆ ಇನ್ನೂ ಸುಲಭ.

ಅವನ ನೆರವಿಗೆ ಜನರಿಲ್ಲವೆಂದಲ್ಲ. ವಿಜಯಪುರದ ಕೃಷಿ ಮಹಾವಿದ್ಯಾಲಯದ ಕೊನೆಯ ವರ್ಷದ ವಿದ್ಯಾರ್ಥಿಗಳು ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತಾರೆ. ಅವರನ್ನು ವಾರಕ್ಕೊಂದು ದಿನ ಊರಿನ ಪ್ರೌಢಶಾಲೆಗೆ ಜೋಡಿಸುವುದಕ್ಕೆ ಒಂದು ಪತ್ರ ಸಾಕು. ಹಿಟ್ಟಿನಹಳ್ಳಿಯಲ್ಲಿ ಒಂದು, ಇಂಡಿಯಲ್ಲಿ ಒಂದು ಕೃಷಿ ವಿಜ್ಞಾನ ಕೇಂದ್ರಗಳಿವೆ. ಆದರೆ ಎಲ್ಲ ಪಾಠವೂ ಪದವಿ ಪಡೆದವರಿಂದಲೇ ಬರಬೇಕೆಂದಿಲ್ಲ. ಬೂದಿ, ಬೇವಿನೆಲೆ ಬೆರೆಸಿ ಬೀಜ ಕಟ್ಟಿಡುವ ಅಜ್ಜಿ, ಹಗೇವಿನಲ್ಲಿ ಜೋಳ ತುಂಬಿ ಕೆಡದಂತೆ ಇಟ್ಟದ್ದನ್ನು ಕಂಡ ಮುತ್ಯಾ ಇನ್ನೂ ಕೆಲವು ವರ್ಷ ಇರುತ್ತಾರೆ. ಅವರನ್ನು ಕುರ್ಚಿ ಹಾಕಿ ಕೂಡಿಸಿ ಕೇಳುವ ಶಾಲೆ ನಮಗೆ ಬೇಕು. ಎಳ್ಳಮವಾಸ್ಯೆಯಂದು ನೀವು ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಶಾಲೆಯ ಹೊಲಕ್ಕೂ ಬುತ್ತಿ ತೆಗೆದುಕೊಂಡು ಹೋಗಿರಿ.

ಸಂಯೋಜಕನ ಸಂಬಳದ ಪ್ರಶ್ನೆ ಬಂದಾಗ ಎಲ್ಲರೂ ಸರಕಾರದ ಕಡೆ ಕೈ ತೋರಿಸುತ್ತಾರೆ. ಸರಕಾರ ಕೊಡಬೇಕೆಂದೇ ನಮ್ಮ ಆಗ್ರಹ. ಅದು ಬರುವವರೆಗೆ ಐದು ಶಾಲೆಗಳ ಊರಿನ ಗ್ರಾಮ ಪಂಚಾಯತಿಗಳು, ಕೃಷಿ ಪತ್ತಿನ ಸಹಕಾರ ಸಂಘಗಳು ಕೂಡಿ ಗೌರವಧನವನ್ನು ಹಂಚಿಕೊಂಡರೆ ಯಾರಿಗೂ ಹೊರೆಯಾಗದು.

ಮುಂದಿನ ಸಲ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಕರೆ ಬಂದಾಗ ತಪ್ಪದೆ ಹೋಗಿರಿ. ಹತ್ತು ಗುಂಟೆ ಬಿಡುವವರು ಯಾರು, ಎರಡು ದಿನದ ಮಟ್ಟಿಗೆ ಎತ್ತು ಕೊಡುವವರು ಯಾರು, ರಜೆಯಲ್ಲಿ ಬೋರಿನ ನೀರು ಕೊಡುವವರು ಯಾರು ಎಂಬ ಮೂರು ಹೆಸರು ಬರೆಯಿಸದೆ ಎದ್ದು ಬರಬೇಡಿರಿ. ಹಿಂಗಾರಿ ಬಿತ್ತಿಗೆಗೆ ತೇವ ಹಿಡಿಯಬೇಕಾದರೆ ಚೌಕುಮಡಿ ಶ್ರಾವಣದೊಳಗೆ ಬೀಳಬೇಕು.